ಬಟ್ಟು ತೋರಸಬ್ಯಾಡ

ನಮ್ಮ ಹಿತ್ತಲ ಗೋಡೆಯಾಚೆಯ ಮನೆಯ ಪತ್ರಾದ ಮೇಲೆ ಈ ಸಲ ಕುಂಬಳಬಳ್ಳಿ ಹಬ್ಬಿದೆ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಅದನ್ನು ಕಂಡು, ತೋರಬೆರಳೆತ್ತಿ ಕಾಯಿ ಎಣಿಸತೊಡಗಿದ. ಮೂರಕ್ಕೆ ಬಂದಿದ್ದನೋ ಇಲ್ಲವೋ, ಆ ಮನೆಯ ವೈನಿ ಒಳಗಿನಿಂದಲೇ ಕನ್ನಡ ಮರಾಠಿ ಎರಡರಲ್ಲೂ ಕೂಗಿದರು. ನಮ್ಮ ಗಡಿಯೂರು ಔರಾದ ಶಹಾಜನಿಯಲ್ಲಿ ಸಿಟ್ಟಿಗೆ ಒಂದೇ ಭಾಷೆ ಸಾಲುವುದಿಲ್ಲ. "ಏ ಬಾಳಾ, ಬಟ್ಟ ಮಡಚ! ಕಾಯಿ ಕೊಳೀತಾವ!"

ಹುಡುಗ ನಕ್ಕು ಹೋದ. ನನಗೆ ನಗು ಬರಲಿಲ್ಲ. ಕುಂಬಳದ ಮಿಡಿಗೆ ಬೆರಳು ತೋರಿಸಬಾರದೆಂಬುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತವನು. ತೋರಿಸಲೇಬೇಕೆಂದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು, ಅದೂ ಬೇಡವಾದರೆ ಗದ್ದ ಎತ್ತಿದರೆ ಸಾಕು. ಎಣಿಸುವುದಂತೂ ಸುತರಾಂ ಇಲ್ಲ. "ಎಷ್ಟ ಆಗ್ಯಾವ ಆಯೀ?" ಎಂದರೆ ನಮ್ಮ ಆಯಿ, "ಆಗ್ಯಾವ, ಸುಮ್ಮಕುಂದ್ರು" ಎನ್ನುತ್ತಿದ್ದಳು. ಆ ಮನೆಯಲ್ಲಿ ಲೆಕ್ಕದ ಉತ್ತರವೇ ಅದು.

ಇದನ್ನು ನಮ್ಮ ಸೀಮೆಯ ಮೂಢನಂಬಿಕೆಯೆಂದು ತಳ್ಳಿಹಾಕುವ ಹಾಗಿಲ್ಲ. ತುಲಸೀದಾಸರು 1574ರಲ್ಲಿ ಅಯೋಧ್ಯೆಯಲ್ಲಿ ಕೂತು ಬರೆಯಲು ಹಿಡಿದ ರಾಮಚರಿತಮಾನಸದಲ್ಲೂ ಈ ಬೆರಳು ಇದೆ. ಬಾಲಕಾಂಡದಲ್ಲಿ ಬಿಲ್ಲು ಮುರಿದ ಮೇಲೆ ಪರಶುರಾಮ ಕೊಡಲಿ ಝಳಪಿಸುತ್ತ ಬಂದಾಗ, ತೋರಬೆರಳು ಕಂಡರೆ ಸಾಯುವ ಕುಂಬಳದ ಮಿಡಿಗಳು ಇಲ್ಲಿ ಯಾರೂ ಇಲ್ಲವೆಂದು ಲಕ್ಷ್ಮಣ ಅವನನ್ನು ಕೆಣಕುತ್ತಾನೆ. ಆ ಸಭೆಯಲ್ಲಿ ಯಾರೂ "ಹಾಗೆಂದರೇನು" ಎಂದು ಕೇಳುವುದಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು. ಆ ಕುಂಬಳ ಬಿಳಿಯದೋ ಕೆಂಪೋ ಎಂದು ಪಂಡಿತರು ಜಗಳಾಡಬಹುದು. ನನ್ನ ಮತ ಬಿಳಿಯದಕ್ಕೆ, ಬೂದುಗುಂಬಳಕ್ಕೆ. ನಮ್ಮ ಗಾದೆಯ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು ಬೂದಿ ಹತ್ತಿದೆಯೇ ಎಂದಲ್ಲವೇ? ಕೆಂಪು ಕುಂಬಳ ಕದ್ದಿದ್ದರೆ ಅವನು ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ಕೆಂಪಿನ ತವರು ಅಮೆರಿಕ ಖಂಡ. ಮೆಕ್ಸಿಕೋದ ಓಆಹಾಕಾದ ಗವಿಯೊಂದರಲ್ಲಿ ಸಿಕ್ಕ ಅದರ ಕುಲದ ಬೀಜಗಳಿಗೆ ಸುಮಾರು 10,000 ವರ್ಷ. ಇಲ್ಲಿಗೆ ಅದು ಹಡಗು ಹತ್ತಿ ಬಂದದ್ದು. ಬಂದ ಮೇಲೆ ನಮ್ಮ ಬೆರಳಿಗೆ ಹೆದರುವುದನ್ನೂ ಕಲಿಯಿತು.

ಕೃಷಿ ಕಾಲೇಜಿನಲ್ಲಿ ಓದಿದವರು ಬೇರೆ ಕಾರಣ ಹೇಳುತ್ತಾರೆ. ಕುಂಬಳದ ಹೆಣ್ಣು ಹೂವಿನ ಬುಡದಲ್ಲಿ ಅರಳುವ ಮೊದಲೇ ಪುಟ್ಟ ಕಾಯಿ ಇರುತ್ತದೆ. ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಜೇನು ಬಂದು ಪರಾಗ ತಾಕಿಸದಿದ್ದರೆ ಕಾಯಿ ಹಳದಿಗೆ ತಿರುಗಿ ಕೊಳೆತು ಬೀಳುತ್ತದೆ. ಕಾಯಿನೊಣ ಚುಚ್ಚಿದರೂ ಅಷ್ಟೇ ಗತಿ. ಬೆರಳಿನದೇನೂ ತಪ್ಪಿಲ್ಲ. ಒಪ್ಪಿದೆ. ಆದರೆ ಅಮೆರಿಕದ ಒಂದು ಊರಿನ ಕಥೆ ಕೇಳಿದ ಮೇಲೆ ನನಗೆ ಮತ್ತೆ ಆಯಿಯ ಕಡೆಗೇ ವಾಲುವ ಹಾಗಾಗಿದೆ.

ಮಗಳು ಇರುವುದು ಆ ದೇಶದ ಈಶಾನ್ಯ ಮೂಲೆಯ ಸಣ್ಣ ಊರಲ್ಲಿ. ಅಕ್ಟೋಬರ್ ಕೊನೆಗೆ ಅಲ್ಲಿ ಹ್ಯಾಲೋವೀನ್. ಊರ ಮುಖ್ಯ ಬೀದಿಗೆ ಗಾಡಿ ಬಿಡುವುದಿಲ್ಲ. ಮನೆಮನೆಯವರು ಕಣ್ಣು, ಮೂಗು, ಹಲ್ಲು ಕೊರೆದ ಕುಂಬಳಕಾಯಿ ತಂದು, ಒಳಗೆ ದೀಪವಿಟ್ಟು ಸಾಲಾಗಿ ಕೂಡಿಸುತ್ತಾರೆ. ಈ ಕೆತ್ತನೆ ಐರ್ಲೆಂಡಿನವರು ಕೊಂಡೊಯ್ದದ್ದು. ತಮ್ಮೂರಲ್ಲಿ ಅವರು ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರಂತೆ. ಗಟ್ಟಿ ಗಡ್ಡೆ ತೋಡಿ ಕೈ ಸೋತವರಿಗೆ ಅಲ್ಲಿ ಮೆತ್ತನೆಯ ದೊಡ್ಡ ಕಾಯಿ ಸಿಕ್ಕಿತು, ಹಿಡಿದುಕೊಂಡರು. ಮಗಳು ಅದರ ಕಮಿಟಿಯಲ್ಲಿದ್ದಾಳೆ. ಗಣಪತಿ ಮಂಡಳದಲ್ಲಿ ನಾನು ವರ್ಗಣಿ ಎತ್ತುತ್ತಿದ್ದುದನ್ನು ನೋಡಿ ಬೆಳೆದವಳು, ತಪ್ಪಿಸಿಕೊಳ್ಳುವುದಾದರೂ ಹೇಗೆ?

"ಅಪ್ಪಾ, ವರ್ಸಾ ವರ್ಸಾ ಜಾಸ್ತಿನೇ ಆಗ್ಲತ್ತದ. ಹ್ಯಾಂಗ ಸಂಬಾಳಸ್ಬೇಕೋ ತಿಳೀವಲ್ದು," ಎಂದು ಫೋನಿನಲ್ಲಿ ಅವಳ ಗೋಳು. ಕೊರೆದ ಕಾಯಿ ಕೆಲವೇ ದಿನದಲ್ಲಿ ಮೆತ್ತಗಾಗಿ ಮುಖ ಸೊಟ್ಟ ಮಾಡಿಕೊಳ್ಳುತ್ತದೆ, ಹಾಗಾಗಿ ಮೊದಲೇ ಕೊರೆದಿಡುವಂತಿಲ್ಲ. ಎಲ್ಲ ಕೆಲಸ ಕೊನೆಯ ಎರಡು ರಾತ್ರಿಗೇ ಬಂದು ಬೀಳುತ್ತದೆ. ಮೇಣದಬತ್ತಿಯೆಂದರೆ ಗಾಳಿಯ ಭಯ, ಬ್ಯಾಟರಿ ದೀಪವೆಂದರೆ ಖರ್ಚು. ಬೀದಿ ಮುಚ್ಚಲು ಪರವಾನಗಿ, ಅದಕ್ಕೊಂದು ವಿಮೆ, ಬಾಡಿಗೆ ಶೌಚಾಲಯ, ಮರುದಿನ ಬೆಳಿಗ್ಗೆ ಅಷ್ಟೂ ಕಾಯಿ ಎತ್ತಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಹಾಕುವ ಲಾರಿ. ಅಂಗಡಿಯವರಲ್ಲಿ ಅರ್ಧ ಮಂದಿಗೆ ಜನ ಬರಲೆಂಬ ಆಸೆ, ಇನ್ನರ್ಧಕ್ಕೆ ಗಾಡಿ ನಿಲ್ಲಿಸಲು ಜಾಗವಿಲ್ಲವೆಂಬ ತಕರಾರು. ಎಲ್ಲ ನನಗೆ ಗುರುತಿನದೇ. ಕೊನೆಗೆ ಅವಳು ಒಂದು ಮಾತು ಸೇರಿಸಿದಳು: "ಕೀನ್ ಆದಂಗ ಆಗಬಾರ್ದು ನೋಡು."

ಕೀನ್ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಊರು. ಇಪ್ಪತ್ತು ಸಾವಿರದ ಮೇಲೆ ಒಂದಿಷ್ಟು ಜನ. 1991ರಲ್ಲಿ ಅಲ್ಲಿಯವರು ಮುಖ್ಯ ಬೀದಿಯಲ್ಲಿ ಕುಂಬಳಕಾಯಿ ಹಬ್ಬ ಶುರು ಮಾಡಿದರು. ಮೊದಲ ವರ್ಷ ಸುಮಾರು 600 ಕಾಯಿ. ಅಲ್ಲಿಗೇ ಬಿಟ್ಟಿದ್ದರೆ ಇವತ್ತಿಗೂ ನಿಶ್ಚಿಂತೆಯಿಂದ ನಡೆಯುತ್ತಿತ್ತೇನೋ. ಮರುವರ್ಷವೇ ಗಿನ್ನೆಸ್ ದಾಖಲೆಯ ಆಸೆ ಹತ್ತಿತು. ಅಲ್ಲಿಂದ ಎಣಿಕೆ ಶುರು. ಬೀದಿಗೆ ಬಂದ ಪ್ರತಿ ಕಾಯಿಯೂ ಮೇಜಿನ ಮುಂದೆ ಹಾಯ್ದು ಲೆಕ್ಕಕ್ಕೆ ಸೇರಬೇಕು. ನೆಲ ಸಾಲದಾಗಿ ಅಟ್ಟಣಿಗೆ ಕಟ್ಟಿ, ಗೋಪುರದೆತ್ತರ ಕಾಯಿ ಏರಿಸಿದರು. 2003ರಲ್ಲಿ 28,952 ದೀಪ. 2006ರಲ್ಲಿ ಬಾಸ್ಟನ್ ಪಟ್ಟಣ ನಡುವೆ ಬಾಯಿ ಹಾಕಿ 30,128 ಹೊತ್ತಿಸಿ ದಾಖಲೆ ಕಸಿದುಕೊಂಡಿತು. ಸಣ್ಣ ಊರಿನವರು ಈ ಅವಮಾನವನ್ನು ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, 2013ರಲ್ಲಿ 30,581 ಹೊತ್ತಿಸಿ ಕಿತ್ತುಕೊಂಡರು. ತಲೆಗೊಂದಕ್ಕಿಂತ ಹೆಚ್ಚಾಯಿತು. ಆ ಮೂವತ್ತು ಸಾವಿರ ಕಾಯಿಗೆ ಯಾರೋ ಬೆರಳು ತೋರಿಸಿಯೇ ಎಣಿಸಿರಬೇಕು, ಬೇರೆ ಹೇಗೆ ಎಣಿಸುತ್ತಾರೆ?

ಮರುವರ್ಷ, 2014ರ ಅಕ್ಟೋಬರ್‌ನಲ್ಲಿ ಕೊಳೆಯಿತು. ದೀಪದ ಬೀದಿಯಲ್ಲಲ್ಲ, ಅಲ್ಲಿ ಮಕ್ಕಳು ಮರಿ ಸುಮ್ಮನೆ ನೋಡುತ್ತ ತಿರುಗಾಡುತ್ತಿದ್ದರು. ಕೊಳೆತದ್ದು ಕಾಲೇಜಿನ ಸುತ್ತಲ ಓಣಿಗಳಲ್ಲಿ. ಹಬ್ಬದ ನೆಪದಲ್ಲಿ ಹೊರಗಿನಿಂದಲೂ ಬಂದು ಸೇರಿದ್ದ ಹುಡುಗರು ಕುಡಿದು ಬಾಟಲಿ ಎಸೆದರು, ಕಾರು ಮಗುಚಿದರು. ಪೊಲೀಸರು ಅಶ್ರುವಾಯು ಬಿಟ್ಟರು. ಹತ್ತಾರು ಮಂದಿ ಒಳಗೆ ಹೋದರು. ಮುಂದಿನ ವರ್ಷ ನಗರಸಭೆ ಪರವಾನಗಿ ಕೊಡಲಿಲ್ಲ, ಹಬ್ಬ ಲಕೋನಿಯಾ ಎಂಬ ಬೇರೆ ಊರಿಗೆ ಗುಳೆ ಎದ್ದಿತು. ಕೀನ್‌ಗೆ ಅದು ಮರಳಿದ್ದು 2017ರಲ್ಲಿ, ಚಿಕ್ಕದಾಗಿ, ಶಾಲೆಯ ಮಕ್ಕಳಿಗಾಗಿ. ಕಾರಣ ಕೇಳಿದರೆ ಅಲ್ಲಿಯವರು ಮದ್ಯ, ಮೊಬೈಲು, ಜನಜಂಗುಳಿ ಎಂದೆಲ್ಲ ಹೇಳುತ್ತಾರೆ. ಆಯಿ ಇದ್ದಿದ್ದರೆ ಒಂದೇ ಮಾತು ಹೇಳುತ್ತಿದ್ದಳು.

ಅವಳಿಗೆ ಎಣಿಸುವವರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕುಂಬಳವೊಂದೇ ಕಾರಣವಲ್ಲ. 1951ರ ಖಾನೇಷುಮಾರಿಗೆ ಬಂದವನು ಮನೆಮಾತು ಯಾವುದೆಂದು ಕೇಳಿದಾಗ, "ಒಲಿ ಮುಂದ ಕನ್ನಡ, ಬಜಾರದಾಗ ಮರಾಠಿ, ಕಚೇರ್ಯಾಗ ಉರ್ದು. ನಿನಗ ಯಾವ್ದು ಬೇಕೋ ಬರ್ಕೋ" ಎಂದಳಂತೆ. ಅವನು ಯಾವುದನ್ನು ಬರೆದುಕೊಂಡನೋ ದೇವರಿಗೇ ಗೊತ್ತು. ಆಮೇಲೆ ಮನೆಮಾತಿನ ಲೆಕ್ಕ ಹಿಡಿದು ರಾಜ್ಯ ಕೊರೆದರು. ನಾವಿದ್ದ ಬೀದರ್ ಜಿಲ್ಲೆ 1956ರಲ್ಲಿ ಮೂರು ಪಾಲಾಯಿತು. ಭಾಲ್ಕಿ, ಹುಮನಾಬಾದ್ ಮೈಸೂರಿಗೆ, ಜಹೀರಾಬಾದ್ ಆಂಧ್ರಕ್ಕೆ, ನಮ್ಮ ನಿಲಂಗಾ, ಉದಗೀರ್, ಅಹಮದಪುರ ಮುಂಬಯಿಗೆ. ಮಗಳನ್ನು ಕೊಟ್ಟ ಊರು ರಾತ್ರಿ ಬೆಳಗಾಗುವುದರೊಳಗೆ ಪರರಾಜ್ಯವಾಯಿತೆಂದು ಆಯಿ ಕೊನೆಯವರೆಗೂ ಆ ಖಾನೇಷುಮಾರಿಯವನನ್ನು ಬೈಯುತ್ತಿದ್ದಳು. ಪಾಪ, ಅವನದೇನು ತಪ್ಪು!

ಎಣಿಸದೆ ನಡೆಯುವ ಹಬ್ಬವೂ ನಮ್ಮಲ್ಲಿ ಇದೆ, ಎಳ್ಳ ಅಮಾಸಿ. ಮರಾಠಿಯವರು ಯೇಳವಸ ಎನ್ನುತ್ತಾರೆ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಅವತ್ತು ಲಾತೂರಿನಂಥ ಪಟ್ಟಣವೂ ಅಂಗಡಿ ಮುಚ್ಚಿ ಹೊಲ ಸೇರುತ್ತದೆ. ಜಿಲ್ಲೆಗೇ ಸ್ಥಳೀಯ ರಜೆ. ಕಮಿಟಿಯಿಲ್ಲ, ವರ್ಗಣಿಯಿಲ್ಲ, ಮೈಕೂ ಇಲ್ಲ. ಕಣಿಕೆಯ ಕೊಂಪೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂಡಿಸಿ, ಪೂಜೆ ಮಾಡಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಆಮೇಲೆ ಊಟ. ಹಸಿ ತೊಗರಿ, ಕಡಲೆ, ಅವರೆ, ಸೊಪ್ಪು ಎಲ್ಲ ಬಿದ್ದು ಕುದಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ತಣ್ಣಗಾದ ಅಂಬಲಿ. ದಾರಿಯಲ್ಲಿ ಹೋಗುವವರನ್ನು, ಗುರುತಿಲ್ಲದವರನ್ನೂ, ತೋಳು ಹಿಡಿದು ಜಗ್ಗಿ ಕೂಡಿಸುತ್ತಾರೆ. ಒಂದೇ ದಿನದಲ್ಲಿ ನಾಲ್ಕು ಹೊಲದಲ್ಲಿ ಉಂಡು, ಐದನೆಯದರಲ್ಲಿ ಒಲ್ಲೆನೆಂದು ಬೈಸಿಕೊಳ್ಳದವನು ನಮ್ಮ ಕಡೆಯವನೇ ಅಲ್ಲ. ಎಷ್ಟು ಮಂದಿ ಉಂಡರೆಂದು ಯಾರೂ ಕೇಳುವುದಿಲ್ಲ. ಜನ ಹೆಚ್ಚಿದರೆ ಅಂಬಲಿಗೆ ಇನ್ನೊಂದು ಚರಿಗೆ ಮಜ್ಜಿಗೆ ಬೀಳುತ್ತದೆ. ಹಬ್ಬ ಎಷ್ಟು ಬೆಳೆದರೂ ಹೊಲ ಅದಕ್ಕಿಂತ ದೊಡ್ಡದು, ಜನ ಹರಡಿಕೊಂಡಿರುತ್ತಾರೆ. ಒಂದೇ ಬೀದಿಯಲ್ಲಿ ತಂದು ತುಂಬಿದರೆ ಪಾಂಡವರೇ ಬಂದರೂ ಸಂಬಾಳಿಸಲಾಗದು.

ಮಗಳಿಗೆ ಇದನ್ನೇ ಹೇಳಿದೆ. ಒಂದೇ ಬೀದಿ ಯಾಕೆ, ಓಣಿಗೊಂದಿಷ್ಟು ಹಂಚಿ, ಎಣಿಸುವ ಮೇಜು ಮೊದಲು ತೆಗೆಯಿರಿ ಎಂದೆ. ಕಮಿಟಿಯಲ್ಲಿ ಮೊದಲ ಮಾತಿಗೆ ಒಪ್ಪಿಗೆ ಸಿಕ್ಕಿತು. ಎರಡನೆಯದಕ್ಕೆ ಸಿಗಲಿಲ್ಲ, ಲೆಕ್ಕವಿಲ್ಲದೆ ವಿಮೆಯವರು ಕಾಗದಕ್ಕೆ ಸಹಿ ಹಾಕುವುದಿಲ್ಲವಂತೆ.

ನನಗೆ ಇನ್ನೊಂದು ಕಾಳಜಿಯಿತ್ತು. ಕೊರೆದು ತೆಗೆದ ತಿರುಳು ಏನಾಗುತ್ತದೆ? ಬಹುಪಾಲು ಚೆಲ್ಲುತ್ತಾರೆ. ಕೊರೆಯುವ ಜಾತಿಯ ಕಾಯಿ ನೀರುನೀರು, ಸಿಹಿ ಕಡಿಮೆ ಎಂದಳು. ಇರಲಿ, ತುರಿದು ಹಿಂಡಿ, ಬೆಲ್ಲ ಹೆಚ್ಚಿಗೆ ಹಾಕಿ, ಏಲಕ್ಕಿ ಕುಟ್ಟಿ, ಹಿಡಿಯುವಷ್ಟು ಗೋಧಿಹಿಟ್ಟು ಕಲಸಿ ಗಾರಿಗೆ ಕರಿ ಎಂದೆ. ಕರಿದಳು. ಕಮಿಟಿಯವರು ತಟ್ಟೆ ಬಳಿದು ತಿಂದು, ಈ ಸಲ ಬೀದಿಯಲ್ಲಿ ಅದರದೊಂದು ಅಂಗಡಿ ಇಡೋಣವೆಂದು ಠರಾವು ಮಾಡಿದರು. ಈಗ ಎಣ್ಣೆ ಕಾಯಿಸಲು ಅಗ್ನಿಶಾಮಕದವರ ಪರವಾನಗಿ ಬೇಕು, ತಿನ್ನಿಸಲು ಆರೋಗ್ಯ ಇಲಾಖೆಯದು ಬೇಕು. ಎರಡೂ ಅರ್ಜಿಯಲ್ಲಿ ಒಟ್ಟು ಎಷ್ಟು ಗಾರಿಗೆ ಎಂಬ ಖಾನೆ ಇದೆಯಂತೆ. "ಏನ್ ಬರೀಲಿ ಅಪ್ಪಾ?" ಎಂದು ನಿನ್ನೆ ರಾತ್ರಿ ಫೋನು. "ಆಗ್ಯಾವ ಅಂತ ಬರಿ" ಎಂದೆ.