ಬೆಟ್ಟದ ಮೇಲೆ ಡ್ಯೂಪ್ ಇಲ್ಲ, ಗುರುವೇ!

ಹೀರೋ ಬಂಡೆ ಹತ್ತುತ್ತಾನೆ. ಕ್ರಾಪು ಕೆದರಿಲ್ಲ, ಷರ್ಟಿನ ಇಸ್ತ್ರಿ ಮುರಿದಿಲ್ಲ. ತುದಿಯಲ್ಲಿ ನಿಂತು ಎರಡೂ ಕೈ ಚಾಚಿದನೋ ಇಲ್ಲವೋ, ಗಾಂಧಿ ಕ್ಲಾಸಿನಿಂದ ಶಿಳ್ಳೆಗಳ ಸುರಿಮಳೆ!

ಆದರೆ ಚಿತ್ರರಸಿಕರೇ, ಒಳಗುಟ್ಟು ನಿಮಗೂ ಗೊತ್ತು, ನನಗೂ ಗೊತ್ತು. ಕಡಿದಾದ ಜಾಗದಲ್ಲಿ ಎಷ್ಟೋ ಸಲ ಹತ್ತುವವನು ಹೀರೋ ಅಲ್ಲ, ಅವನ ಡ್ಯೂಪ್. ಸೊಂಟಕ್ಕೆ ಹಗ್ಗ, ಪಕ್ಕದಲ್ಲಿ ಸ್ಟಂಟ್ ಮಾಸ್ಟರ್. ಸರಿಬರದಿದ್ದರೆ "ಕಟ್! ಒನ್ ಮೋರ್!"

ಮಧುಗಿರಿ ಬೆಟ್ಟದಲ್ಲಿ ಇದೊಂದೂ ಇಲ್ಲ. ಅಲ್ಲಿ ಹೀರೋನೂ ನೀವೇ, ಡ್ಯೂಪೂ ನೀವೇ. ಒನ್ ಮೋರ್ ಅನ್ನುವ ಮಾತೇ ಇಲ್ಲ.

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ನೋಡಿ ಚಿತ್ರದುರ್ಗದ ಕೋಟೆಗೆ ಮನಸೋತವರು ನಾವು. 1975ರ 'ಶೋಲೆ' ನೋಡಿ ರಾಮನಗರದ ಬಂಡೆ ಹುಡುಕಿಕೊಂಡು ಹೋದವರು ನಾವು. ಆದರೆ ಅವೆರಡರ ನಡುವೆ ತುಮಕೂರು ಜಿಲ್ಲೆಯ ಬಡಗಣ ಸೀಮೆಯಲ್ಲಿ, ಕೊರಟಗೆರೆ, ಮಧುಗಿರಿ, ಪಾವಗಡದ ಉದ್ದಕ್ಕೂ, ಬಸ್ಸಿನ ಕಿಟಕಿಯಿಂದಲೇ ಕೈ ಬೀಸಿ ಕರೆಯುವ ಬೆಟ್ಟಗಳಿವೆಯಲ್ಲ, ಅವುಗಳ ಕಡೆಗೆ ಈಗ ಭಾನುವಾರ ಬಂದರೆ ಬೈಕುಗಳ ಜಾತ್ರೆ. ಸಂತೋಷ. ಹೋಗಿ ಬನ್ನಿ. ಆದರೆ ಯಾವ ಬೆಟ್ಟ ನನಗೆ ತಕ್ಕದ್ದು ಅಂತ ಮೊದಲು ಕೇಳಿಕೊಂಡು ಹೋಗಿ. ಕೇಳದೆ ಹೋಗಿ ಪಾಠ ಕಲಿತವನು ನಾನು.

ನನ್ನ 'ಹೀರೋಗಿರಿ'

ಮೊದಲ ಸಲ ಮಧುಗಿರಿಗೆ ಹೋದಾಗ ನಾವು ಐದು ಜನ. ಹಿಂದಿನ ರಾತ್ರಿ ಸೆಕೆಂಡ್ ಷೋ, ನಿದ್ದೆ ಮೂರು ಗಂಟೆ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಾರಿಸಿ, ಬೆಟ್ಟದ ಬುಡ ಸೇರುವಾಗ ಹತ್ತೂವರೆ. ಐವರಿಗೆ ಸೇರಿ ನೀರು ಎರಡು ಬಾಟಲಿ. ನನ್ನ ಕಾಲಲ್ಲಿ ಅಟ್ಟೆ ಸವೆದ ಶೂ.

ಕೆಳಗಿನ ಭಾಗ ಸಲೀಸು. ಒಳ್ಳೆಯ ಮೆಟ್ಟಿಲು, ಗತ್ತಿನ ಕೋಟೆ ಬಾಗಿಲುಗಳು. ಹಾಡು ಹೇಳಿಕೊಂಡೇ ಹತ್ತಿದೆವು. ಆಮೇಲೆ ಬಂತು ನೋಡಿ, ಬೋಳು ಬಂಡೆ! ಅಲ್ಲಿ ಮೆಟ್ಟಿಲು ಅಂದರೆ ಬಂಡೆಯಲ್ಲಿ ಕೊರೆದ ಗೀರು, ಪಾದ ಇಡುವಷ್ಟು ಜಾಗ. ಕೆಲವು ಕಡೆ ಹಿಡಿಯಲು ಕಬ್ಬಿಣದ ಕಂಬಿ, ಕೆಲವು ಕಡೆ ಅದೂ ಇಲ್ಲ. ಅರ್ಧ ಹತ್ತಿ ಒಮ್ಮೆ ಹಿಂದಿರುಗಿ ನೋಡಿದೆ. ಇಡೀ ಮಧುಗಿರಿ ಊರು ಬೆಂಕಿಪೊಟ್ಟಣ ಚೆಲ್ಲಿದ ಹಾಗೆ ಕೆಳಗೆ ಬಿದ್ದಿತ್ತು. ಅಷ್ಟೇ! ಕಾಲು ನಡುಗಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡೆ. ಹಾಸ್ಯ ಚಕ್ರವರ್ತಿ ನರಸಿಂಹರಾಜು ಹುಟ್ಟಿದ್ದು ಇದೇ ಜಿಲ್ಲೆಯ ತಿಪಟೂರಿನಲ್ಲಿ. ಅವರು ನನ್ನ ಆ ಭಂಗಿ ನೋಡಿದ್ದರೆ ಅದನ್ನೇ ಒಂದು ಸೀನ್ ಮಾಡಿಬಿಡುತ್ತಿದ್ದರು.

ಮೇಲಿನಿಂದ ಗೆಳೆಯರು "ಬಾರೋ, ಏನಾಗಲ್ಲ, ಗಂಡಸಲ್ವೇನೋ!" ಅಂತ ಕೂಗುತ್ತಿದ್ದರು. ಆ ಮಾತಿಗೆ ರೋಷ ಬಂದು ಇನ್ನೊಂದು ಹೆಜ್ಜೆ ಎತ್ತಿದೆ. ಸರ್‍ರನೆ ಶೂ ಜಾರಿತು. ಕೈಗೆ ಕಂಬಿ ಸಿಕ್ಕಿತು, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಆಗ ಕೆಳಗಿನಿಂದ ಬರುತ್ತಿದ್ದ ಊರಿನ ತಾತ ಒಬ್ಬರು ಪಕ್ಕಕ್ಕೆ ಬಂದು ಕೂತರು. "ಕುಂತ್ಕೊಳಪ್ಪ ಮೊದ್ಲು. ಉಸಿರು ತಗೋ. ಕೆಳಗಡೆ ನೋಡ್ಬ್ಯಾಡ, ಪಾದ ನೋಡು" ಅಂದರು. ಕೂತೆ.

"ತಾತ, ಅವರೆಲ್ಲಾ ಮೇಲೆ ಹೋದ್ರು..."

"ಹೋಗ್ಲಿ ಬಿಡು. ಬೆಟ್ಟ ಎಲ್ಲೂ ಓಡೋಗಲ್ಲ ಕಣಪ್ಪ. ಇವತ್ತಾಗ್ದಿದ್ರೆ ಬರೋ ವರ್ಷ ಬಾ."

ಕೂತುಕೊಂಡೇ, ಒಂದೊಂದೇ ಗೀರಿಗೆ ಹಿಮ್ಮಡಿ ಕೊಟ್ಟು, ಅವರ ಹಿಂದೆ ಇಳಿದೆ. ಪ್ಯಾಂಟಿನ ಹಿಂಭಾಗ ಹರಿಯಿತು. ಜೀವ ಉಳಿಯಿತು.

ಡೈಲಾಗ್ ಪರೀಕ್ಷೆ

ಆ ವರ್ಷವೆಲ್ಲ ನಾನು ಮಾಡಿದ್ದು ಬೆಟ್ಟಗಳಿಗೆ ಶ್ರೇಣಿ ಹಾಕುವ ಕೆಲಸ. ಚಿತ್ರರಂಗದಲ್ಲಿ ಇದು ಹೊಸದೇನಲ್ಲ. ಗುಬ್ಬಿ ಕಂಪನಿಯ ನಾಟಕಗಳಲ್ಲಿ ಪಳಗಿದ ಮೇಲೆಯೇ ರಾಜಣ್ಣ 1954ರಲ್ಲಿ 'ಬೇಡರ ಕಣ್ಣಪ್ಪ' ಆದದ್ದು. ನೇರವಾಗಿ ಕ್ಲೈಮ್ಯಾಕ್ಸಿಗೆ ಯಾರೂ ಕಾಲಿಡುವುದಿಲ್ಲ.

ಮೊದಲ ಪರೀಕ್ಷೆಗೆ ಬೆಟ್ಟವೇ ಬೇಡ. ಶಿರಾಕ್ಕೆ ಹೋಗಿ. ಬೆಂಗಳೂರು-ಪುಣೆ ಹೆದ್ದಾರಿಯ ಮೇಲೇ ಇರುವ ಊರು. 1687ರಲ್ಲಿ ಮೊಗಲರು ಇದನ್ನು ತಮ್ಮ ಒಂದು ಪ್ರಾಂತ್ಯಕ್ಕೆ ರಾಜಧಾನಿ ಮಾಡಿಕೊಂಡಿದ್ದರು. ಕಂದಕದ ಕೋಟೆ, ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಎಲ್ಲ ಸಮನೆಲದಲ್ಲಿವೆ. ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹತ್ತದೆ ಇವನ್ನೆಲ್ಲ ಬಿರುಸಾಗಿ ನಡೆದೇ ನೋಡಿ. ಒಂದು ಗಂಟೆಗೆ ಐದು ಕಿಲೋಮೀಟರ್ ನಡೆದು, ಮಾರನೆಯ ದಿನ ಕಾಲು ಹಿಡಿಯದಿದ್ದರೆ ನೀವು ಮೊದಲ ರೀಲು ಪಾಸು.

ಎರಡನೆಯದು ಮೆಟ್ಟಿಲು. ಮೈಸೂರಿನ ಹುಡುಗರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ, ಬೇರೆಯವರಿಗೆ ಎತ್ತರದ ಕಟ್ಟಡವಾದರೂ ಇದ್ದೀತು. ಹತ್ತುತ್ತಾ ನಿಮ್ಮ ಮೆಚ್ಚಿನ ನಟನ ಒಂದು ಡೈಲಾಗ್ ಹೇಳಿ ನೋಡಿ. ಪೂರ್ತಿ ವಾಕ್ಯ ಹೇಳಲು ಆದರೆ ನಿಮ್ಮ ಉಸಿರು ಹದದಲ್ಲಿದೆ. ಮಾತು ಮುರಿದು ಮೂರು ಚೂರಾದರೆ ವೇಗ ಇಳಿಸಿ. ಮಾತೇ ಹೊರಡದಿದ್ದರೆ ನಿಲ್ಲಿ. ವೈದ್ಯರೂ ಇದನ್ನೇ ಹೇಳುತ್ತಾರೆ: ಮಾತಾಡಲು ಆಗುವಷ್ಟು ಶ್ರಮವೇ ಹೊಸಬನಿಗೆ ತಕ್ಕ ಶ್ರಮ. ಎದೆನೋವು, ಆಸ್ತಮಾ, ತಲೆಸುತ್ತು ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ.

ಉಸಿರು, ಕಾಲು, ಎದೆ

ಮೆಟ್ಟಿಲು ಪಾಸಾದವರಿಗೆ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ. ಇದು ಉಸಿರಿನ ಬೆಟ್ಟ. ಗುಹೆಯೊಳಗೆ ಸಿದ್ಧೇಶ್ವರ, ಅಲ್ಲಿಯವರೆಗೂ ಮೆಟ್ಟಿಲು, ದಾರಿಯುದ್ದಕ್ಕೂ ಭಕ್ತರು. ಮುತ್ತೈದೆಯರು ಕಂಕುಳಲ್ಲಿ ಮಗು ಎತ್ತಿಕೊಂಡು ಹತ್ತುತ್ತಾರೆ. ಅವರ ಮುಂದೆ ನಾವು ಜಂಬ ಕೊಚ್ಚುವುದು ಬೇಡ. ಗಿಡಮೂಲಿಕೆಗೆ ಹೆಸರಾದ ಬೆಟ್ಟ. ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿಯಬೇಡಿ. ಗುಹೆಯಿಂದ ಆಚೆಗೆ ಬಂಡೆ ಸಂದಿಗಳಲ್ಲಿ ನುಸುಳುವ ಆಸೆ ಇದ್ದರೆ ದಾರಿ ಬಲ್ಲ ಊರಿನವರನ್ನು ಜೊತೆಗೆ ಕರೆದುಕೊಳ್ಳಿ.

ಅದಾದ ಮೇಲೆ ಪಾವಗಡ. ಶನಿಮಹಾತ್ಮನ ದೇವಸ್ಥಾನಕ್ಕೆ ಬಂದವರು ತಲೆ ಎತ್ತಿದರೆ ಸಾಕು, ಕೋಟೆ ಊರಿನ ನೆತ್ತಿಯ ಮೇಲೇ ಕೂತಿದೆ. ಒಂದರ ಮೇಲೊಂದು ಬಾಗಿಲು ದಾಟಿಕೊಂಡು ಹತ್ತಬೇಕು. ಇದು ಕಾಲಿನ ಬೆಟ್ಟ. ಇಲ್ಲಿ ನಿಜವಾದ ವಿಲನ್ ಯಾರು ಗೊತ್ತೇ? ಬಿಸಿಲು! ಈ ತಾಲ್ಲೂಕಿನ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದು ನಿಂತಿದೆ. ಅಷ್ಟು ವಿದ್ಯುತ್ತು ಕೊಡುವ ಸೂರ್ಯ ನಿಮ್ಮ ತಲೆಯೊಂದನ್ನು ಬಿಟ್ಟಾನೇ? ಬಿಸಿಲು ಏರಿದ ಮೇಲೆ ಬಂಡೆಯೇ ಕಾವಲಿಯಾಗುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು, ನಡುವೆ ನೀವು ದೋಸೆ! ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ತಲೆಗೆ ಟೋಪಿ ಇಲ್ಲವೇ ಟವಲು. ಬೆಳಿಗ್ಗೆ ಆರಕ್ಕೆ ಹತ್ತಿ, ಹತ್ತು ಗಂಟೆಗೆ ಕೆಳಗಿರಿ.

ಇನ್ನು ಕೊರಟಗೆರೆ ತಾಲ್ಲೂಕಿನ ಚೆನ್ನರಾಯನದುರ್ಗ, ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯ ಮಿಡಿಗೇಶಿ. ಹಿಮ್ಮಡಿ ಮುಟ್ಟುವ ಕೇಶದ ರಾಣಿಯಿಂದ ಮಿಡಿಗೇಶಿ ಎಂಬ ಹೆಸರು ಬಂತು ಎಂಬುದು ಜನರ ಕಥೆ. ಇವೆರಡೂ ಪಾಳುಕೋಟೆಗಳು. ಜನಸಂಚಾರ ಕಡಿಮೆ, ಮುಳ್ಳುಪೊದೆ ಜಾಸ್ತಿ, ದಾರಿ ತಪ್ಪುವುದು ಸುಲಭ. ಈ ಸೀಮೆಯಲ್ಲಿ ಕರಡಿ, ಚಿರತೆ ಇವೆ ಎಂಬುದೂ ನೆನಪಿರಲಿ. ಮುಸ್ಸಂಜೆಗೆ ಅಲ್ಲಿ ನಮಗೇನು ಕೆಲಸ? ಅನುಭವ ಇರುವವರ ಜೊತೆ, ಹಗಲಲ್ಲೇ, ಕೆಳಗಿನ ಹಳ್ಳಿಯಲ್ಲಿ "ಹತ್ತುತ್ತಿದ್ದೇವೆ" ಎಂದು ಹೇಳಿ ಹೋಗಿ.

ಕೊನೆಗೆ ಮಧುಗಿರಿ. ಇದು ಎದೆಯ ಬೆಟ್ಟ. 3,930 ಅಡಿ ಅಂತ ಕೇಳಿ ಹೆದರಬೇಡಿ, ಅದು ಸಮುದ್ರಮಟ್ಟದಿಂದ ಅಳೆದ ಲೆಕ್ಕ. ಊರೇ ಎರಡೂವರೆ ಸಾವಿರ ಅಡಿ ಮೇಲಿದೆ. ಆದ್ದರಿಂದ ಬೆಟ್ಟವನ್ನು ಅಡಿ ಲೆಕ್ಕದಲ್ಲಿ ಆರಿಸುವವನು ಮೋಸಹೋಗುತ್ತಾನೆ. ಇಲ್ಲಿ ಸಮಸ್ಯೆ ಎತ್ತರದ್ದಲ್ಲ, ಏಕಶಿಲೆಯ ಇಳಿಜಾರಿನದು. ಕುಸ್ತಿಪಟುವಿನ ತೊಡೆ ಇದ್ದವನೂ ಅಲ್ಲಿ ಕುಸಿದು ಕೂತಾನು, ಸಣಕಲ ಹುಡುಗ ನಿರಾಳವಾಗಿ ನಡೆದುಹೋದಾನು. ಶಕ್ತಿ ಬೇರೆ, ಎತ್ತರದ ಭಯ ಬೇರೆ. ಭಯ ಇರುವುದು ನಾಚಿಕೆಯ ವಿಷಯ ಅಲ್ಲ, ಮುಚ್ಚಿಡುವುದು ಅಪಾಯ.

ರಾಣಿಯ ಸೆರೆಮನೆ

ಈ ಕೋಟೆಗೆ ಒಂದು ಕಥೆ ಇದೆ. ಯಾವ ನಿರ್ಮಾಪಕರೂ ಕೇಳಬೇಕಾದ ಕಥೆ! 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದ. ರಾಣಿಯನ್ನು ಇಟ್ಟದ್ದು ಇದೇ ಮಧುಗಿರಿಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಕೋಟೆ ಹಿಡಿದಾಗ ಆಕೆಗೆ ಬಿಡುಗಡೆ. ನಾಲ್ಕು ವರ್ಷ! ಇಳಿಯುವುದು ಕಷ್ಟ ಎಂಬ ಕಾರಣಕ್ಕೇ ಇಂಥ ಬೆಟ್ಟವನ್ನು ಸೆರೆಮನೆಗೆ ಆರಿಸಿದರೋ ಏನೋ ಎಂದು ಆ ಬಂಡೆಗೆ ಅಂಟಿಕೊಂಡವನಿಗೆ ಅನ್ನಿಸದೆ ಇರದು.

ಹೌದು, ಕಷ್ಟ ಇರುವುದು ಇಳಿಯುವುದರಲ್ಲೇ. ಹತ್ತುವಾಗ ಕಣ್ಣು ಬಂಡೆಯ ಮೇಲೆ, ಇಳಿಯುವಾಗ ಪ್ರಪಾತದ ಮೇಲೆ. ದಣಿದ ತೊಡೆ, ನಡುಗುವ ಮಂಡಿ, ಖಾಲಿ ಬಾಟಲಿ. ಅದಕ್ಕೇ ಲೆಕ್ಕ ಹೀಗಿರಲಿ: ಮೈಯಲ್ಲಿ ಅರ್ಧ ಶಕ್ತಿ, ಬಾಟಲಿಯಲ್ಲಿ ಅರ್ಧ ನೀರು ಉಳಿದಿರುವಾಗಲೇ ವಾಪಸು. ತುದಿ ಎಲ್ಲಿದೆ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಅಟ್ಟೆ ಹಿಡಿತದ ಶೂ ಬೇಕು. ಹೆಗಲಿಗೆ ಎರಡೂ ಪಟ್ಟಿ ಇರುವ ಚೀಲ ಬೇಕು, ಕೈ ಎರಡೂ ಖಾಲಿ ಇರಬೇಕು. ಮಳೆ ಬಿದ್ದ ದಿನ ಬಂಡೆ ಸಾಬೂನು, ಆ ದಿನ ಊರಲ್ಲೇ ಮ್ಯಾಟಿನಿ ನೋಡಿ. ಇಳಿಜಾರಿನಲ್ಲಿ ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆಯುವವನಿಗೆ ಅದೇ ಕೊನೆಯ ಸ್ಟಿಲ್ ಆಗಬಹುದು. ಹೆಸರಲ್ಲೇ ಮಧು ಇರುವ ಗಿರಿ ಇದು, ಇಂಥ ಬಂಡೆಗಳಿಗೆ ಹೆಜ್ಜೇನು ಕಟ್ಟುತ್ತದೆ. ಘಮಘಮ ಸೆಂಟು, ಬೀಡಿ ಹೊಗೆ, ಸ್ಪೀಕರ್ ಗದ್ದಲ ಮೂರೂ ಬೇಡ. ಎಡವಟ್ಟಾದರೆ 108ಕ್ಕೆ ಫೋನ್ ಮಾಡಿ. ಆದರೆ ಆಂಬುಲೆನ್ಸ್ ಬರುವುದು ಬುಡದವರೆಗೆ ಮಾತ್ರ!

ಮರೆಯಲಾಗದ ಇಬ್ಬರು

ಇದನ್ನೆಲ್ಲ ಇಷ್ಟು ಒತ್ತಿ ಯಾಕೆ ಹೇಳುತ್ತೇನೆ? 2016ರ ನವೆಂಬರ್ 7 ನೆನಪಿದೆಯಲ್ಲ. 'ಮಾಸ್ತಿಗುಡಿ' ಚಿತ್ರದ ಶೂಟಿಂಗ್, ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಇಬ್ಬರದೂ ಕಟೆದಿಟ್ಟಂಥ ಮೈ. ಆದರೆ ಈಜು ಅಷ್ಟಾಗಿ ಬರದು ಎಂದು ಹಾರುವ ಮೊದಲೇ ಹೇಳಿಕೊಂಡಿದ್ದರು. ಮೈಕಟ್ಟು ಒಂದು, ಆ ಕೆಲಸದ ಪಳಗಿಕೆ ಇನ್ನೊಂದು. ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎಂದು ನಂಬುವುದೇ ಮೋಸ. ನೀರಿಗಾದರೇನು, ಬಂಡೆಗಾದರೇನು, ಪಾಠ ಒಂದೇ. ಶೂಟಿಂಗಿನಲ್ಲೇ ಹೀಗಾಗುವುದಾದರೆ ಭಾನುವಾರದ ಬೈಕ್ ಟ್ರಿಪ್ಪಿನಲ್ಲಿ ನಮ್ಮನ್ನು ಕಾಯುವವರು ಯಾರು?

ಮತ್ತೆ ಅದೇ ಬಂಡೆ

ಒಂದು ವರ್ಷ ಬಿಟ್ಟು ಮತ್ತೆ ಮಧುಗಿರಿಗೆ ಹೋದೆವು. ಈ ಸಲ ರಾತ್ರಿ ಒಂಬತ್ತಕ್ಕೇ ನಿದ್ದೆ, ಬೆಳಿಗ್ಗೆ ಆರಕ್ಕೆ ಬುಡದಲ್ಲಿ. ಅದೇ ಬೋಳು ಬಂಡೆ ಬಂತು. ಎದೆ ಢವಢವ ಅಂದಿತು, ಸುಳ್ಳು ಹೇಳುವುದಿಲ್ಲ. ಪಾದ ನೋಡಿಕೊಂಡು, ಗೀರಿಗೊಂದು ಉಸಿರು ಬಿಟ್ಟುಕೊಂಡು ಹತ್ತಿದೆ. ದಾಟಿದೆ!

ಹಿಂದಿರುಗಿ ನೋಡಿದರೆ, ಕಳೆದ ವರ್ಷ "ಗಂಡಸಲ್ವೇನೋ" ಅಂತ ಕೂಗಿದ್ದ ಗೆಳೆಯನೇ ಕೆಳಗೆ ನಿಂತುಬಿಟ್ಟಿದ್ದಾನೆ. ನಡುವೆ ಬೈಕಿನಿಂದ ಬಿದ್ದು ಮಂಡಿಗೆ ಪೆಟ್ಟಾಗಿತ್ತಂತೆ, ನಮಗೆ ಹೇಳಿರಲಿಲ್ಲ. ಹೇಳಿದರೆ ನಾವು ನಗುತ್ತೇವೆಂಬ ಅಂಜಿಕೆ. ಒಂದು ಗಳಿಗೆ ನನ್ನ ನಾಲಿಗೆ ತುದಿಗೂ ಅದೇ ಮಾತು ಬಂದಿತ್ತು. ನುಂಗಿಕೊಂಡೆ. ಕೂತುಕೊಂಡು ಕೆಳಕ್ಕೆ ಜಾರಿ, ಅವನ ಪಕ್ಕ ಹೋಗಿ ಕೂತೆ.

"ನೀನು ಹೋಗೋ, ತುದಿ ಹತ್ರಾನೇ ಇದೆ" ಅಂದ.

"ಬೆಟ್ಟ ಎಲ್ಲೂ ಓಡೋಗಲ್ಲ ಬಿಡೋ" ಅಂದೆ.

ಉಳಿದ ಮೂವರು ತುದಿಗೆ ಹೋಗಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ ನೋಡಿ ಬಂದರು. ನಾವಿಬ್ಬರು ಕೋಟೆ ಬಾಗಿಲ ನೆರಳಲ್ಲಿ ಕಡಲೆಕಾಯಿ ತಿನ್ನುತ್ತಾ ಹಳೇ ಸಿನಿಮಾ ಮಾತಾಡಿದೆವು. ಹನ್ನೊಂದರ ಬಸ್ಸಿಗೆ ಐವರೂ ಹತ್ತಿದೆವು. ಹೋಗುವಾಗ ಐದು, ಬರುವಾಗ ಐದು.

ನನ್ನ ಪ್ರಕಾರ, ಆ ಚಿತ್ರ ನೂರು ದಿನ!