ಚಕ್ರದ ಮನೆಗೆ ಕಾಡಿನ ಬೀಡು

ಅಡುಗೆಮನೆ, ಹಾಸಿಗೆ, ಶೌಚಾಲಯಗಳನ್ನೆಲ್ಲ ಒಂದೇ ವಾಹನದಲ್ಲಿರಿಸಿಕೊಂಡು ಕಾಡಿಗೆ ಹೊರಡುವ ಕುಟುಂಬಗಳು ಅಮೆರಿಕದಲ್ಲಿ ಬಹಳ. 1905ರಲ್ಲಿ ಸ್ಥಾಪಿತವಾದ ಅಲ್ಲಿನ ಅರಣ್ಯ ಇಲಾಖೆಯು 154 ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುತ್ತದೆ. ಆದರೆ ವಾಹನಕ್ಕೆ ವಿದ್ಯುತ್ತು, ನೀರು, ಕೊಳಚೆಯ ಕೊಳವೆ ಈ ಮೂರನ್ನೂ ಜೋಡಿಸಿಕೊಳ್ಳುವ ಅನುಕೂಲ ಅಲ್ಲಿನ ಬಹುಪಾಲು ತಂಗುದಾಣಗಳಲ್ಲಿ ಇಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋ ಅರಣ್ಯದಲ್ಲಿ, ಬಿಗ್ ಬೇರ್ ಸರೋವರದ ಬಳಿಯ ಸೆರಾನೊದಂಥ ತಂಗುದಾಣದಲ್ಲಿಯೂ ಕೆಲವು ಜಾಗಗಳಿಗಷ್ಟೇ ಆ ಭಾಗ್ಯ. ಆದುದರಿಂದ ಮುಂಗಡವಾಗಿ ಕಾಯ್ದಿರಿಸುವವರು ತಂಗುದಾಣದ ಹೆಸರಿಗೆ ಮರುಳಾಗದೆ, ತಮಗೆ ದೊರೆಯುವ ಜಾಗದ ಸೌಕರ್ಯವನ್ನೂ ವಾಹನದ ಉದ್ದದ ಮಿತಿಯನ್ನೂ ವಿಚಾರಿಸಬೇಕು. ಅಂಥ ಜಾಗ ಸಿಗದಿದ್ದರೆ ತೊಟ್ಟಿಯ ನೀರನ್ನು ಅಳೆದು ಬಳಸಬೇಕು. ಕೊಳಚೆಯನ್ನು ನಿಗದಿತ ಸ್ಥಳದಲ್ಲಿಯೇ ಬಿಡಬೇಕು. ಮಣ್ಣಿಗೆ ಚೆಲ್ಲಿದರೆ ಕೆಡುವುದು ಮುಂದಿನವರು ನಂಬಿ ಬರುವ ತೊರೆ.