ಹೊಳೆಯಿಲ್ಲದ ಸೇತುವೆಗಳು

ಕೆಲಸಕ್ಕೆ ಊರು ಬೇಕಾಗಿಲ್ಲ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಮಗಳ ಬಾಯಿಂದ. ಮೂವತ್ತೆರಡು ವರ್ಷ ಒಂದೇ ಶಾಲೆಯಲ್ಲಿ, ಬಹುಮಟ್ಟಿಗೆ ಒಂದೇ ಕುರ್ಚಿಯ ಮೇಲೆ ಕುಳಿತು ಪಾಠ ಹೇಳಿದವನಿಗೆ ಇದು ಗಂಧರ್ವನಗರದ ವರ್ಣನೆಯಂತೆ ತೋರಿತು. ಅವಳ ಕಂಪನಿ ಇರುವುದು ಒಂದು ದೇಶದಲ್ಲಿ, ಜೊತೆಗಾರರು ಮೂರು ಖಂಡಗಳಲ್ಲಿ. ಅವಳು ಮಾತ್ರ ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ. ಹೊರದೇಶದ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡು ಬರುವವರು ಅಲ್ಲಿ ವಾಸಮಾಡಬಹುದೆಂದು ಆ ದೇಶದವರು 2022ರ ಕೊನೆಯಲ್ಲಿ ಕಾನೂನನ್ನೇ ಮಾಡಿದ್ದಾರಂತೆ. 2025ರ ವಸಂತದಲ್ಲಿ ಆರು ವಾರ ಅವಳ ಬಳಿ ಇರಲು ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಹುಣಿಸೆಹಣ್ಣು ಹಪ್ಪಳಗಳ ಜೊತೆಗೆ ಒಂದು ಪ್ರಶ್ನೆಯೂ ಇದ್ದಿತು. ಎಲ್ಲಿಂದ ಬೇಕಾದರೂ ಮಾಡಬಹುದಾದ ಕೆಲಸವನ್ನು ನಮ್ಮ ಮನೆಯ ಪಡಸಾಲೆಯಿಂದ ಏಕೆ ಮಾಡಬಾರದು? ಅವಳ ತಾಯಿ ತೀರಿಕೊಂಡ ಮೇಲೆ ಆ ಪಡಸಾಲೆ ಬಹಳ ದೊಡ್ಡದಾಗಿಬಿಟ್ಟಿದೆ.

ಅವಳ ಮನೆ ಬೆನಿಮಕ್ಲೆತ್ ಎಂಬಲ್ಲಿ. ಅದು ಹಿಂದೆ ಬೇರೆಯೇ ಹಳ್ಳಿಯಾಗಿದ್ದು, ಬೆಳೆಯುತ್ತ ಬಂದ ನಗರದೊಳಗೆ ಸೇರಿಹೋದದ್ದು. ಹೋದ ಮರುದಿನವೇ ನಾನೊಂದು ವಿಚಿತ್ರವನ್ನು ಕಂಡೆನು. ಬೆಳಿಗ್ಗೆ ಎಂಟಕ್ಕೆ ಮಗಳು ಉಡುಪು ತೊಟ್ಟು, ಚೀಲ ಹೆಗಲಿಗೆ ಹಾಕಿ, "ಆಫೀಸಿಗೆ ಹೋಗಿಬರುತ್ತೇನೆ ಅಪ್ಪಾ" ಎಂದು ಬೈಸಿಕಲ್ ಏರಿ ಹೊರಟಳು. ಒಂಬತ್ತಕ್ಕೆ ಹಿಂದಿರುಗಿ, ಅದೇ ಮನೆಯ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅದೇ ಆಫೀಸು. ನಡುವಿನ ಒಂದು ಗಂಟೆ ಏನು ಮಾಡಿದೆಯೆಂದು ಸಂಜೆ ಕೇಳಿದರೆ, "ಹೊಳೆಯಲ್ಲಿ ಒಂದು ಸುತ್ತು ಹಾಕಿಬಂದೆ. ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆಗೆ ಕೆಲಸ ಸಿಕ್ಕಿಬಿಟ್ಟರೆ ತಲೆ ಕೆಡುತ್ತದೆ ಅಪ್ಪಾ" ಎಂದಳು. ಹೊಳೆಯಲ್ಲಿ ಬೈಸಿಕಲ್ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಕೇಳುವುದಕ್ಕೆ ಮೇಷ್ಟರ ಅಭಿಮಾನ ಬಿಡಲಿಲ್ಲ.

ಅರ್ಥವಾದದ್ದು ದಾರಿ ತಪ್ಪಿದ ದಿನ. ಕಡಲನ್ನು ನೋಡಬೇಕೆಂದು ಅವಳಿಗೆ ಹೇಳದೆ ಒಬ್ಬನೇ ಹೊರಟೆನು. ಅಲ್ಲಿಯ ಟ್ರಾಮ್ ಗಾಡಿಯಲ್ಲಿ ಕಂಡಕ್ಟರನಿಲ್ಲ; ನಿಲ್ದಾಣದಲ್ಲಿರುವ ಯಂತ್ರಕ್ಕೆ ಕಾರ್ಡನ್ನು ಮುಟ್ಟಿಸಿ ಹತ್ತಬೇಕು. ಅದೆಲ್ಲವನ್ನೂ ಕ್ರಮವಾಗಿಯೇ ಮಾಡಿದೆನು. ಹತ್ತಿದ್ದು ಮಾತ್ರ ಕಡಲಿಗೆ ಬೆನ್ನುಮಾಡಿ ಹೋಗುವ ಗಾಡಿಯನ್ನು! ಫೋನು ತೆಗೆದರೆ ಅದು ಆಗಲೇ ನಿದ್ರೆ ಹೋಗಿದ್ದಿತು. ಗಾಬರಿಯಿಂದ ಪೋಂಟ್ ದೆ ಫುಸ್ತಾ ಎಂಬ ನಿಲ್ದಾಣದಲ್ಲಿ ಇಳಿದೆನು. ಎದುರಿಗೆ ಸೇತುವೆ, ಆಚೆಗೆ ಸೆರಾನ್ಸ್ ಎಂಬ, ಹದಿನಾಲ್ಕನೆಯ ಶತಮಾನದ ಜೋಡಿಗೋಪುರದ ಕೋಟೆಬಾಗಿಲು. ಸೇತುವೆಯ ನಡುವೆ ನಿಂತು ಬಗ್ಗಿ ನೋಡಿದರೆ ಕೆಳಗೆ ನೀರಿಲ್ಲ. ಮರಗಳು, ಹುಲ್ಲು, ಚೆಂಡಾಡುವ ಮಕ್ಕಳು, ಬೈಸಿಕಲ್ಲುಗಳು!

ತೂರಿಯಾ ಎಂಬ ನದಿ ಹರಿಯುತ್ತಿದ್ದ ಪಾತ್ರವದು. 1957ನೆಯ ಅಕ್ಟೋಬರ್ 14ರಂದು ಆ ನದಿ ಉಕ್ಕಿ ಊರೊಳಗೆ ನುಗ್ಗಿ ಎಂಬತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಆ ಬಳಿಕ ಸರ್ಕಾರದವರು ನಗರದ ದಕ್ಷಿಣಕ್ಕೆ ಹೊಸ ಪಾತ್ರವನ್ನು ತೋಡಿ ನದಿಯನ್ನೇ ಆಚೆಗೆ ತಿರುಗಿಸಿದರು. ಬರಿದಾದ ಹಳೆಯ ಪಾತ್ರದಲ್ಲಿ ಮೋಟಾರು ಹೆದ್ದಾರಿಯನ್ನು ಹಾಸುವ ಯೋಚನೆಯಿದ್ದಿತು. ಊರಿನವರು ಒಪ್ಪಲಿಲ್ಲ; ತಮಗೆ ಹಸುರೇ ಬೇಕೆಂದು ಹಟ ಹಿಡಿದು ಗೆದ್ದರು. ಈಗ ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ಉದ್ಯಾನ ಊರಿನ ನಡುವೆ ಹೊಳೆಯಂತೆಯೇ ಬಳುಕುತ್ತ ಹೋಗುತ್ತದೆ. ಸೇತುವೆಗಳು ಹಾಗೆಯೇ ಉಳಿದಿವೆ. ಅವರ ಮಾತಿನಲ್ಲಿ ಸೇತುವೆಗೆ ಪೋಂಟ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಈ ಶಬ್ದವೂ ನಮ್ಮ ಸಂಸ್ಕೃತದ ಪಂಥಾಃ ಎಂಬುದೂ ಒಂದೇ ಧಾತುವಿನ ಕೂಸುಗಳೆಂದು ಭಾಷಾಶಾಸ್ತ್ರಜ್ಞರ ಮತ. ಪಾಠಶಾಲೆಯಲ್ಲಿ ಪಥಿನ್ ಶಬ್ದದ ರೂಪಗಳನ್ನು ತಪ್ಪಿ ಏಟು ತಿಂದವನು ನಾನು. ಆ ಸೇತುವೆಯ ಮೇಲೆ ದಾರಿ ತಪ್ಪಿ ನಿಂತಾಗ ಗುರುಗಳ ನೆನಪಾಯಿತು.

ಕಲ್ಲುಕಟ್ಟೆಯ ಮೇಲೆ ಕುಳಿತಿದ್ದ, ನನಗಿಂತ ಹಿರಿಯರಾದೊಬ್ಬರನ್ನು "ಬೆನಿಮಕ್ಲೆತ್?" ಎಂದು ಕೇಳಿದೆನು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ನೋವ್" ಎಂದರು. ಪಾಪ, ಮಂಡಿಯೋ ಸೊಂಟವೋ, ಈ ದೂರದೇಶದಲ್ಲಿಯೂ ಮುದುಕರ ಪಾಡು ಒಂದೇ ಎಂದು ಮರುಗುವಷ್ಟರಲ್ಲಿ ಅವರು ಒಂಬತ್ತು ಬೆರಳುಗಳನ್ನು ಎತ್ತಿ ತೋರಿದರು. ಒಂಬತ್ತನೆಯ ಸಂಖ್ಯೆಯ ಮೆಟ್ರೋ ಗಾಡಿ ಎಂದು ತಾತ್ಪರ್ಯ. ವಲೆನ್ಸಿಯಾದವರ ಸ್ವಂತ ನುಡಿಯಲ್ಲಿ ನೋವ್ ಎಂದರೆ ಒಂಬತ್ತು. ನೋವ್ ಎಂದರೆ ಹೊಸದು ಕೂಡ. ನಮ್ಮ ನವಶಬ್ದವೇ ಎರಡರ್ಥಗಳನ್ನೂ ಕಟ್ಟಿಕೊಂಡು ಅಷ್ಟು ದೂರ ಹೋಗಿ ನೆಲೆಸಿದಂತೆ ನನಗೆ ತೋರಿ, ಆನಂದವನ್ನು ಹೇಳಿಕೊಳ್ಳುವ ಬಗೆ ತಿಳಿಯದೆ, ಅವರಿಗೆ ಕೈಮುಗಿದೆನು. ಅವರು ನನ್ನೊಡನೆ ಹೊಳೆಗಿಳಿದು, ಅರ್ಧ ಗಂಟೆ ನಡೆದು, ಆ ಪಾತ್ರದ ಅಡಿಯಲ್ಲಿಯೇ ಇರುವ ಅಲಮೇದಾ ನಿಲ್ದಾಣದವರೆಗೆ ಬಂದು ಬಿಟ್ಟುಹೋದರು. ಅಲ್ಲಿಂದ ಎರಡನೆಯ ನಿಲ್ದಾಣವೇ ಬೆನಿಮಕ್ಲೆತ್.

ಆಮೇಲೆ ಧೈರ್ಯ ಬಂದಿತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ದೊಡ್ಡ ಇಗರ್ಜಿಯ ಬಾಗಿಲಲ್ಲಿ ಸೇರುವ ನೀರಿನ ಪಂಚಾಯಿತಿಯನ್ನು ನೋಡಿಬಂದೆನು. ಕರಿಯ ಅಂಗಿಯ ರೈತಪ್ರತಿನಿಧಿಗಳು ವರ್ತುಲವಾಗಿ ಕುಳಿತರು. ಒಂದೊಂದು ಕಾಲುವೆಯ ಹೆಸರು ಹಿಡಿದು ಕೂಗಿ ವ್ಯಾಜ್ಯವುಂಟೇ ಎಂದು ಕೇಳಲಾಯಿತು. ಅಲ್ಲಿ ವಾದವೂ ತೀರ್ಪೂ ಎಲ್ಲ ಬಾಯಿಮಾತಿನಲ್ಲಿಯೇ. ಆ ದಿನ ವ್ಯಾಜ್ಯವೊಂದೂ ಇರಲಿಲ್ಲ. ಐದು ನಿಮಿಷದಲ್ಲಿ ಎದ್ದರು. ದಾರಿಯ ಎರಡು ಕಡೆಯೂ ಕಿತ್ತಳೆಯ ಮರಗಳು. ಹಣ್ಣನ್ನು ಬಾಯಿಗಿಟ್ಟೀರಿ, ನಮ್ಮ ಹೆರಳೆಕಾಯಿಯಷ್ಟೇ ಕಹಿ.

ಹೊರಡಲು ಒಂದು ವಾರವಿದ್ದಾಗ ಬಿಸಿಲುಮಚ್ಚನ್ನು ಗುಡಿಸುತ್ತಿದ್ದೆನು. ಮೂಲೆಯಲ್ಲಿ ಒಂದು ಜೊತೆ ರಬ್ಬರಿನ ಬೂಟುಗಳಿದ್ದವು. ಮೊಣಕಾಲೆತ್ತರದವರೆಗೂ ಕೆಸರು ಒಣಗಿ ಬಿರಿದಿತ್ತು. ಇವು ಯಾರವೆಂದು ಕೇಳಿದೆನು. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

2024ನೆಯ ಅಕ್ಟೋಬರ್ 29ರಂದು ಆ ಸೀಮೆಗೆ ಬಂದ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಿಂದೆ ತೋಡಿದ ಆ ಹೊಸ ಪಾತ್ರದಿಂದ ನಗರದ ಒಡಲು ಉಳಿಯಿತು. ಪಾತ್ರದ ಆಚೆಯ ಊರುಗಳು ಕೆಸರಿನಲ್ಲಿ ಹೂತುಹೋದವು. ಅಂದು ನಾನು ಹೆದರಿ ಫೋನು ಮಾಡಿದಾಗ "ನಮ್ಮ ಕಡೆ ಏನೂ ಆಗಿಲ್ಲ ಅಪ್ಪಾ, ನೀವು ಚಿಂತೆ ಮಾಡಬೇಡಿ" ಎಂದಿದ್ದಳು. ಅದು ಸುಳ್ಳಲ್ಲ. ಆದರೆ ಮೂರನೆಯ ದಿನ ಕೆಳಮನೆಯ ವೃದ್ಧೆಯ ಮಗನೊಡನೆ ಪೊರಕೆಯನ್ನೂ ನೀರಿನ ಸೀಸೆಗಳನ್ನೂ ಹೊತ್ತು ಒಂದೂವರೆ ಗಂಟೆ ನಡೆದು, ಹೊಸ ಪಾತ್ರದ ಕಾಲುಸೇತುವೆಯನ್ನು ದಾಟಿ ಲಾ ತೋರ್ರೆ ಎಂಬಲ್ಲಿಗೆ ಹೋಗಿ, ಯಾರದೋ ಮನೆಯ ಕೆಸರನ್ನು ಸಂಜೆಯವರೆಗೆ ಬಳಿದಿದ್ದಳು. ಸಾವಿರಾರು ಜನ ಹಾಗೆ ಸಾಲುಗಟ್ಟಿ ದಾಟಿದರಂತೆ. ಅದಾದ ಮೇಲೂ ಮೂರು ವಾರ, ರಜೆಯಿದ್ದಾಗಲೆಲ್ಲ ಹೋದಳು.

"ನನಗೇಕೆ ಹೇಳಲಿಲ್ಲ, ಮಗು?"

"ಹೇಳಿದ್ದರೆ ಬಂದುಬಿಡು ಎನ್ನುತ್ತಿದ್ದಿರಿ."

ಎನ್ನುತ್ತಿದ್ದೆನು, ನಿಜ. ಆರು ವಾರ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳುವುದಾಗಲಿಲ್ಲ. ಅನಂತರವೂ ಆಗಲಿಲ್ಲ. ಬೂಟುಗಳನ್ನು ತೊಳೆದಿಡಲೇ ಎಂದೆನು. ಬೇಡ, ಹಾಗೆಯೇ ಇರಲಿ ಎಂದಳು.

ಮರುದಿನ ಎಂಟಕ್ಕೆ ಅವಳು ಚೀಲವನ್ನು ಹೆಗಲಿಗೆ ಹಾಕಿದಾಗ ನಾನೂ ಚಪ್ಪಲಿ ಮೆಟ್ಟಿದೆನು. ಆ ದಿನ ಅವಳು ಬೈಸಿಕಲ್ ತೆಗೆಯಲಿಲ್ಲ. ಇಬ್ಬರೂ ನಡೆದು ಹೊಳೆಗಿಳಿದೆವು. ಎದುರಾದವರಲ್ಲಿ ಮೂವರು ಅವಳನ್ನು ಹೆಸರು ಹಿಡಿದು ಮಾತನಾಡಿಸಿದರು. ಮಾತಿಗೆ ಮಾತು ಬೆಳೆದು, ಅವಳು ಆಫೀಸಿಗೆ ಮುಟ್ಟುವಾಗ ಒಂಬತ್ತೂಕಾಲಾಗಿತ್ತು.